ಎರಡು ನಿಮಿಷದ ಚೀಟಿ

ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ ಮಿಗ್ಡಾಲಿಯಾ ತನ್ನ ಮಾವನ ತೋಟದ ಬೇಲಿಗೆ ತಾನೇ ಹೋಗಿ ನೋಟಿಸ್ ಅಂಟಿಸಿ ಬಂದಳು. ಗಾಳಿಗೆ ಹಾರದಿರಲಿ ಎಂದು ನಾಲ್ಕೂ ಮೂಲೆಗೆ ಎರಡೆರಡು ಸುತ್ತು ಟೇಪು ಹಾಕಿದಳು. ಬೇರೆ ಯಾರಾದರೂ ಆಗಿದ್ದರೆ ಹಿಂದಿನ ದಿನ ಊಟಕ್ಕೆ ಕೂತಾಗಲೇ ಮನೆಯವರ ಕಿವಿಗೆ ಒಂದು ಮಾತು ಹಾಕಿರುತ್ತಿದ್ದರು. ಅವಳು ಹಾಕಲಿಲ್ಲ. ಬೀದಿಗೆಲ್ಲ ಒಂದೇ ಹೊತ್ತಿಗೆ ತಿಳಿಯಬೇಕು, ಮನೆಯವರಿಗೆ ಅರ್ಧ ದಿನ ಮೊದಲು ತಿಳಿದರೂ ಅದು ಪಕ್ಷಪಾತ ಎನ್ನುವುದು ಅವಳ ವಾದ. ಇಂಥ ವಾದಗಳಿಂದ ಅವಳಿಗೆ ಕಚೇರಿಯಲ್ಲಿ ಒಳ್ಳೆಯ ಹೆಸರು ಬಂದಿತ್ತು, ಮನೆಯಲ್ಲಿ ಕಿರಿಕಿರಿ.

ಬ್ರಾಂಕ್ಸ್‌ನ ದಕ್ಷಿಣದ ತುದಿಯಲ್ಲಿರುವ ನಮ್ಮ ನೆರೆಹೊರೆ ಮಂಡಳಿಯ ಕಚೇರಿಗೆ ಅವಳು ಹತ್ತೊಂಬತ್ತು ವರ್ಷದಿಂದ ಮ್ಯಾನೇಜರ್. ಮಂಡಳಿಯವರು ಸಂಬಳವಿಲ್ಲದ ಸದಸ್ಯರು. ಊರಿನ ಸರ್ಕಾರಕ್ಕೆ ಅವರು ಸಲಹೆ ಕೊಡಬಹುದು, ಅಪ್ಪಣೆ ಕೊಡುವಂತಿಲ್ಲ. ಆದರೆ ಸಲಹೆ ಕೊಡುವವರ ಗದ್ದಲ ಅಪ್ಪಣೆ ಕೊಡುವವರಿಗಿಂತ ಹೆಚ್ಚು. ಇಲಿ ಕಾಟ, ಉರಿಯದ ಬೀದಿದೀಪ, ಕಸದ ಲಾರಿ ಬಾರದ ದೂರು, ಬೀದಿ ಹಬ್ಬದ ಪರವಾನಗಿ, ತಿಂಗಳ ಸಭೆಯ ನಡಾವಳಿ, ಎಲ್ಲವೂ ಮಿಗ್ಡಾಲಿಯಾಳ ಮೇಜಿನ ಮೇಲೇ. ಅವಳಿಗೆ ಮತವಿಲ್ಲ. ಮಂಡಳಿಗೆ ಬೇಡವೆನಿಸಿದ ದಿನ ಅವಳಿಗೆ ಕೆಲಸವೂ ಇಲ್ಲ.

ಅವಳ ಮಾವ ಡಾನ್ ಎಲಾಡಿಯೊ. ಡಾನ್ ಎಂದರೆ ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಅಷ್ಟೇ, ಅವರ ಸೊಂಟದಲ್ಲಿ ಪಿಸ್ತೂಲು ಹುಡುಕಬೇಡಿ. ಪೋರ್ಟೊರಿಕೊದ ಬೆಟ್ಟದಿಂದ ಇಪ್ಪತ್ತರ ವಯಸ್ಸಿನಲ್ಲಿ ಬಂದವರಿಗೆ ಈಗ ಎಂಬತ್ತೊಂದು. ನಮ್ಮ ಬೀದಿಯ ಮೂಲೆಯ ಕಟ್ಟಡ ಸುಟ್ಟುಹೋಗಿ ಜಾಗ ಹಾಳುಬಿದ್ದಾಗ, ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಎರಡು ಬೇಸಿಗೆ ಇಟ್ಟಿಗೆ ಹೊತ್ತುಹಾಕಿದವರು ಅವರು. ಆಮೇಲೆ ಅಲ್ಲೊಂದು ಮರದ ಮನೆ ಕಟ್ಟಿ, ಮುಂದೆ ಜಗುಲಿ ಎಬ್ಬಿಸಿ, ಸಮುದ್ರದ ನೀಲಿ ಬಣ್ಣ ಬಳಿದರು. ಎಲ್ಲರೂ ಅದನ್ನು ಕಸೀತಾ ಎನ್ನುತ್ತೇವೆ, ಪುಟ್ಟ ಮನೆ. ಸುತ್ತ ಮೆಣಸಿನಕಾಯಿ, ಕೊತ್ತಂಬರಿ, ತೊಗರಿ, ಹಿಂದೆ ಕೋಳಿಗೂಡು. ಈ ಊರಿನ ಚಳಿಗೆ ತೊಗರಿ ಕಾಯಿ ಬಲಿಯುವ ಮೊದಲೇ ಕಮರಿಹೋಗುತ್ತದೆ. ಆದರೂ ಪ್ರತಿ ವರ್ಷ ಬಿತ್ತುತ್ತಾರೆ.

ಜಾಗ ಮಾತ್ರ ಊರಿನ ಸರ್ಕಾರದ್ದು. ಡಾನ್ ಎಲಾಡಿಯೊ ಅದನ್ನು ಮರೆತಿದ್ದರು, ನಾವೂ ಮರೆತಿದ್ದೆವು. ಅಲ್ಲಿ ಅರವತ್ತನಾಲ್ಕು ಮನೆಗಳ ಕಟ್ಟಡ ಬರಲಿದೆ, ಅರ್ಧ ಮನೆಗಳನ್ನು ಹಂಚುವ ಲಾಟರಿಯಲ್ಲಿ ಈ ಬೀದಿಗಳವರಿಗೇ ಮೊದಲ ಅವಕಾಶ, ಸಾರ್ವಜನಿಕರ ಮಾತು ಕೇಳಿ ಮಂಡಳಿ ಮೇ ತಿಂಗಳಲ್ಲಿ ಸಲಹೆ ಕೊಡಲಿದೆ ಎಂದು ಆ ನೋಟಿಸ್ ಹೇಳುತ್ತಿತ್ತು.

ಅಂದು ಸಂಜೆ ಮಿಗ್ಡಾಲಿಯಾ ಹುರುಳಿ ಸಾರಿನ ಪಾತ್ರೆ ಮೇಜಿಗಿಡುವ ಮೊದಲೇ ಡಾನ್ ಎಲಾಡಿಯೊ ಕೈಕಟ್ಟಿ ಕೂತಿದ್ದರು.

"ಅದನ್ನ ಅಂಟಿಸಿದ್ದು ಯಾರು?"

"ನಾನೇ, ಮಾವ."

"ತೋಟಕ್ಕೆ ಆಟ ಆಡೋಕೆ ಬರೋ ಗಿಲ್ಬರ್ಟೊ ನನಗಿಂತ ಮೊದಲು ಓದಿದ. ನನ್ನ ತೋಟದ ವಿಷಯ ನನಗೆ ಗಿಲ್ಬರ್ಟೊ ಹೇಳಬೇಕಾ?"

"ಇವತ್ತು ಹೇಳೋಣ ಅಂತಿದ್ದೆ."

"ಒಂದೇ ಬಚ್ಚಲಲ್ಲಿ ಮುಖ ತೊಳೀತೀವಿ, ಮಿಗ್ಡಾ. ನನಗೆ ಹೇಳೋದಕ್ಕೆ ಬೇಲಿವರೆಗೂ ಹೋಗಬೇಕಿತ್ತಾ?"

ಅವಳು ಅನ್ನ ಬಡಿಸುತ್ತಲೇ ನಿಯಮ ವಿವರಿಸಿದಳು. ಅವಳ ಗಂಡ ಎಫ್ರಾಯಿನ್, ಶಾಲೆಯ ಕಟ್ಟಡ ನೋಡಿಕೊಳ್ಳುವವನು, ಬಾಯಿ ತುಂಬ ಅನ್ನ ಇಟ್ಟುಕೊಂಡು ಯಾರ ಪರವಾಗಿಯೂ ಮಾತಾಡದೆ ಪಾರಾದ. ಮಾತಾಡಿದ್ದು ಮಗಳು ನೊಯೆಮಿ. ಅವಳು, ಅವಳ ಗಂಡ ಡಾರಿಯೆಲ್, ಒಂದೂವರೆ ವರ್ಷದ ಮಗು ಲುಸ್, ಮೂವರೂ ಆ ಮೂರನೇ ಮಹಡಿಯ ಮನೆಯ ಹಜಾರದಲ್ಲಿ, ಬಿಚ್ಚಿದರೆ ಹಾಸಿಗೆಯಾಗುವ ಸೋಫಾದ ಮೇಲೆ ಸಂಸಾರ ಮಾಡುತ್ತಿದ್ದರು.

"ಅಜ್ಜ, ಅಲ್ಲಿ ಅರವತ್ತನಾಲ್ಕು ಮನೆ ಬರುತ್ತೆ," ಎಂದಳು.

"ಬರಲಿ. ಬೇರೆ ಕಡೆ ಬರಲಿ."

"ಎಲ್ಲರೂ ಬೇರೆ ಕಡೆ ಅಂತಾನೇ ಅಂತಾರೆ. ಲುಸ್ ಹುಟ್ಟಿದ ಮೇಲೆ ನಾನು ಬಾಗಿಲಿರೋ ಕೋಣೆಯಲ್ಲಿ ಬಟ್ಟೆ ಬದಲಾಯಿಸಿಲ್ಲ, ಅಜ್ಜ."

ತನ್ನ ಕೋಣೆ ಬಿಟ್ಟುಕೊಡುತ್ತೇನೆಂದು ಡಾನ್ ಎಲಾಡಿಯೊ ಮೂರು ಸಲ ಹೇಳಿದ್ದರು, ಮೂರು ಸಲವೂ ಅವಳೇ ಬೇಡವೆಂದಿದ್ದಳು. ಅವರು ತಟ್ಟೆ ಎತ್ತಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತೇ ಉಂಡರು. ಆ ಮನೆಯಲ್ಲಿ ಅಂದಿನಿಂದ ಯಾರೂ ನೆಮ್ಮದಿಯಾಗಿ ಒಂದು ಕಡೆ ಕೂರಲಿಲ್ಲ.

ಮೇ ತಿಂಗಳ ಸಭೆಗೆ ಒಂದು ವಾರ ಇರುವಾಗ ಮಿಗ್ಡಾಲಿಯಾ ಮಾವನ ಕಾಫಿ ಲೋಟದ ಪಕ್ಕ ಒಂದು ಹಳದಿ ಚೀಟಿ ಇಟ್ಟಳು. ಹೆಸರು, ವಿಳಾಸ, ವಿಷಯ, ಮೂರೇ ಸಾಲು. ಸಭೆಯಲ್ಲಿ ಮಾತಾಡಬೇಕೆನ್ನುವವರು ಅದನ್ನು ತುಂಬಿ, ಸಂಜೆ ಆರೂವರೆಯೊಳಗೆ ಬಾಗಿಲಲ್ಲಿ ಕೊಡಬೇಕು. ಹೆಸರು ಕೂಗಿದಾಗ ಎದ್ದು ಹೋದರೆ ಎರಡು ನಿಮಿಷ ಸಿಗುತ್ತದೆ.

"ಎರಡು ನಿಮಿಷದಲ್ಲಿ ನಾನು ಹ್ಯಾಟು ತೆಗೆಯೋದೂ ಮುಗಿಯಲ್ಲ," ಎಂದರು ಡಾನ್ ಎಲಾಡಿಯೊ.

"ಮನೆಯಿಂದಲೇ ತೆಗೆದುಕೊಂಡು ಬನ್ನಿ. ಚೀಟಿ ಮಾತ್ರ ಮರೀಬೇಡಿ."

ಚೀಟಿಯನ್ನು ಅವರು ಜೇಬಿಗೆ ಹಾಕಿಕೊಂಡು ಹೋದದ್ದನ್ನು ಅವಳು ನೋಡಿದಳು. ಮುಂದೆ ಅದರ ಗತಿಯೇನಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ. ತೋಟದಲ್ಲಿ ದಿನವೂ ಕೂರುತ್ತಿದ್ದ ನಮಗೆ ಗೊತ್ತಿತ್ತು. ಕಸೀತಾದ ಜಗುಲಿಯಲ್ಲಿ ಚುಕ್ಕೆಬಿಲ್ಲೆಗಳ ಡಾಮಿನೊ ಆಡುವ ಮೇಜಿನ ಒಂದು ಕಾಲು ಮೋಟು. ಆಟ ಬಿರುಸಾಗಿ ಮೇಜು ಕುಲುಕಿದಾಗ ಡಾನ್ ಎಲಾಡಿಯೊ ಜೇಬಿನಿಂದ ಚೀಟಿ ತೆಗೆದು, ಎಂಟು ಮಡಿಕೆ ಮಡಿಸಿ ಆ ಕಾಲಿನ ಕೆಳಗೆ ತುರುಕಿದರು. ಮಾತಾಡೋದಕ್ಕೆ ಅದು ಬೇಡವಾ ಎಂದು ಗಿಲ್ಬರ್ಟೊ ಕೇಳಿದ್ದಕ್ಕೆ ನಕ್ಕರು. ಹೆಸರು ಕೂಗುವ ಪಟ್ಟಿ ಬರೆಯುವವಳೇ ತನ್ನ ಸೊಸೆ, ಸ್ವಂತ ಸೊಸೆಗೆ ಮಾವನ ಹೆಸರು ಚೀಟಿಯಲ್ಲಿ ಬರೆದುಕೊಡಬೇಕೇ ಎಂದರು. ನಮಗೂ ಅದು ಸರಿ ಎನಿಸಿತು. ಅಷ್ಟು ಜನ ಇದ್ದೆವು, ಒಬ್ಬರಿಗೂ ಬೇರೆ ರೀತಿ ಹೊಳೆಯಲಿಲ್ಲ.

ಸಭೆ ಶಾಲೆಯ ಊಟದ ಹಾಲಿನಲ್ಲಿ. ಡಾನ್ ಎಲಾಡಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಎರಡನೇ ಸಾಲಿನಲ್ಲಿ ಕೂತರು. ನಾವು ಅವರ ಹಿಂದೆ. ಮಿಗ್ಡಾಲಿಯಾ ಅಧ್ಯಕ್ಷೆಯ ಪಕ್ಕದಲ್ಲಿ, ಮುಂದೆ ಚೀಟಿಗಳ ಕಟ್ಟು, ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಇಡುವಂಥ ಒಂದು ಬಿಳಿ ಟೈಮರು. ಅಧ್ಯಕ್ಷೆ ಮಿಸೆಸ್ ಗ್ಯಾಡ್ಸನ್ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಕನ್ನಡಕದ ಮೇಲಿಂದ ನೋಡಿದರೆ ಅರವತ್ತು ವರ್ಷದವರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಒಂದೊಂದೇ ಹೆಸರು ಕೂಗಿದರು. ಹನ್ನೊಂದನೆಯದು ನೊಯೆಮಿಯದು. ಅವಳು ಚೀಟಿ ಕೊಟ್ಟಿದ್ದಾಳೆಂದು ಮನೆಯಲ್ಲಿ ತಾಯಿಯ ಹೊರತು ಯಾರಿಗೂ ತಿಳಿದಿರಲಿಲ್ಲ, ಆ ತಾಯಿಗೂ ತಿಳಿದದ್ದು ಬಾಗಿಲಲ್ಲೇ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಮೈಕಿನ ಮುಂದೆ ನಿಂತಳು. ಕಟ್ಟಡ ಬೇಕು ಎಂದಳು. ಹಜಾರದ ಸೋಫಾದ ವಿಷಯ ಹೇಳಿದಳು. ಅಜ್ಜನ ಕೋಳಿಗಳ ಮೊಟ್ಟೆ ತಿಂದೇ ಬೆಳೆದವಳು ತಾನು, ಆದರೂ ಬೇಕು ಎಂದಳು. ಟೈಮರು ಬಡಿಯಿತು. ಡಾನ್ ಎಲಾಡಿಯೊ ಹ್ಯಾಟಿನ ಅಂಚನ್ನು ಬೆರಳಲ್ಲಿ ಸುತ್ತಿಸುತ್ತ ಕೂತಿದ್ದರು. ನಮಗೆ ಅವರ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು.

ಇಪ್ಪತ್ತೆರಡು ಹೆಸರು ಮುಗಿದವು.

"ಇನ್ನು ಚೀಟಿ ಇದೆಯಾ?" ಎಂದು ಮಿಸೆಸ್ ಗ್ಯಾಡ್ಸನ್ ಕೇಳಿದರು.

ಮಿಗ್ಡಾಲಿಯಾ ತಲೆಯೆತ್ತಿ ಮಾವನನ್ನು ನೋಡಿದಳು. ಅವರು ಅವಳನ್ನು ನೋಡಿದರು. ಎದ್ದೇಳಲು ಸಿದ್ಧವಾಗಿ ಒಂದು ಕೈಯನ್ನು ಮುಂದಿನ ಕುರ್ಚಿಯ ಮೇಲೆ ಇಟ್ಟಿದ್ದರು.

"ಇಲ್ಲ," ಎಂದಳು ಮಿಗ್ಡಾಲಿಯಾ.

ಸಾರ್ವಜನಿಕರ ಮಾತು ಅಲ್ಲಿಗೆ ಮುಗಿಯಿತು. ಮತಕ್ಕೆ ಹಾಕಿದರು. ಕಟ್ಟಡದ ಪರ ಇಪ್ಪತ್ತೊಂದು, ವಿರೋಧ ಹದಿಮೂರು. ಡಾನ್ ಎಲಾಡಿಯೊ ಇನ್ನೂ ಆ ಕೈಯನ್ನು ಕುರ್ಚಿಯ ಮೇಲಿಂದ ತೆಗೆದಿರಲಿಲ್ಲ. ನನಗೆ ಅವತ್ತು ಮಿಗ್ಡಾಲಿಯಾಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನದಿಂದ ಡಾನ್ ಎಲಾಡಿಯೊ ಮನೆಯಲ್ಲಿ ಮಲಗುತ್ತಿದ್ದರು, ಉಣ್ಣುತ್ತಿರಲಿಲ್ಲ. ಬೆಳಗಾದರೆ ಕಸೀತಾ. ನೊಯೆಮಿಯ ಮೇಲೆ ಅವರಿಗೆ ಮುನಿಸಿರಲಿಲ್ಲ. ಅವಳು ಎದ್ದು ನಿಂತು ತನಗೆ ಬೇಕಾದದ್ದನ್ನು ಕೇಳಿದಳು, ಅಷ್ಟು ಗಟ್ಟಿತನ ಇರಬೇಕು ಎಂದು ನಮ್ಮೆದುರೇ ಹೊಗಳಿದರು. ಸೊಸೆಯ ಹೆಸರು ಎತ್ತಿದರೆ ಮಾತ್ರ ಕೋಳಿಗೆ ಕಾಳು ಹಾಕಲು ಎದ್ದು ಹೋಗುತ್ತಿದ್ದರು. ಕೋಳಿಗಳು ಆ ತಿಂಗಳು ದಪ್ಪವಾದವು.

ಮಿಗ್ಡಾಲಿಯಾ ದಿನವೂ ಅವರ ಪಾಲಿನ ಅಡುಗೆ ಮಾಡಿ ಡಬ್ಬಿಗೆ ತುಂಬುತ್ತಿದ್ದಳು, ಎಫ್ರಾಯಿನ್ ಅದನ್ನು ಹೊತ್ತು ಹೋಗುತ್ತಿದ್ದ. ಅವಳಿಗೂ ಕಾಲು ನಿಲ್ಲುತ್ತಿರಲಿಲ್ಲ. ಗುಡಿಸಿದ ನೆಲವನ್ನೇ ಗುಡಿಸುವಳು, ಮಗು ಆಡುತ್ತಿದ್ದ ಚಮಚವನ್ನೂ ಕಸಿದು ತೊಳೆಯುವಳು. ಒಂದು ಶನಿವಾರ ಗಂಡನಿಗೆ ತಡೆಯಲಾಗಲಿಲ್ಲ.

"ಹಿಂದೊಂದು ಸಭೆಗೆ ಅವಳಿ ಮಕ್ಕಳ ತಾಯಿ ಬಂದಿದ್ದಳಲ್ಲ, ಅವಳ ಹತ್ತಿರ ಚೀಟಿ ಇರಲಿಲ್ಲ. ನೀನೇ ಅಧ್ಯಕ್ಷೆ ಕಿವಿಯಲ್ಲಿ ಹೇಳಿ ಮಾತಾಡಿಸಿದೆ."

"ಹೌದು."

"ಕಣ್ಣು ಕಾಣದ ಮುದುಕನಿಗೂ ಕೊಡಿಸಿದೆ."

"ಕೊಡಿಸಿದೆ."

"ಮತ್ತೆ ನನ್ನಪ್ಪ ಏನು ಪಾಪ ಮಾಡಿದ್ದ?"

"ಅವರಿಬ್ಬರೂ ನನ್ನ ಮನೆಯವರಲ್ಲ, ಎಫ್ರಾಯಿನ್." ಅವಳು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಚೀಟಿ ಕೈಯಲ್ಲಿ ಕೊಟ್ಟಿದ್ದೆ. ಕಾಫಿ ಪಕ್ಕ ಇಟ್ಟಿದ್ದೆ. ಅವರೇ ತರದಿದ್ದರೆ, ಬೇಡ ಅಂದುಕೊಂಡಿದ್ದಾರೆ ಅಂತ ನಾನು ತಿಳಿದೆ. ಅವರ ಮುಖ ನೋಡಿದಾಗಲೇ ಗೊತ್ತಾಗಿದ್ದು, ಮಾತಾಡೋಕೇ ಬಂದಿದ್ದಾರೆ ಅಂತ. ಆಗ ಅಷ್ಟು ಜನ ನನ್ನನ್ನೇ ನೋಡ್ತಿದ್ದರು."

ಅಷ್ಟು ಹೇಳಿ ಅವಳು ಅತ್ತಳು. ಮನೆಯಲ್ಲಿ ಅವಳು ಅತ್ತದ್ದನ್ನು ನೊಯೆಮಿ ನೋಡಿದ್ದು ಅದೇ ಮೊದಲು.

ಜೂನ್ ಹತ್ತಿರವಾದಂತೆ ಇನ್ನೊಂದು ಕಷ್ಟ ಬಂತು. ಸೋತ ಹದಿಮೂರು ಸದಸ್ಯರು ಒಂದು ಪತ್ರಕ್ಕೆ ಸಹಿ ಹಾಕಿದರು. ತೋಟ ಮಾಡಿದವರಿಗೇ ಮಾತಾಡಲು ಅವಕಾಶ ಸಿಗಲಿಲ್ಲ, ಮ್ಯಾನೇಜರಳ ಮಗಳಿಗೆ ಸಿಕ್ಕಿತು. ಮಗಳಿಗೆ ಮನೆ ಸಿಗಲೆಂದು ಅವಳು ಮಾವನ ಚೀಟಿಯನ್ನು ಮುಚ್ಚಿಟ್ಟಿದ್ದಾಳೆ. ಅವಳು ಕೆಲಸದಲ್ಲಿ ಮುಂದುವರಿಯಬೇಕೇ ಎಂಬುದನ್ನು ಜೂನ್ ಸಭೆಯಲ್ಲಿ ಮತಕ್ಕೆ ಹಾಕಬೇಕು ಎಂದಿತ್ತು ಪತ್ರ. ಬೀದಿಯಲ್ಲಿ ಈ ಮಾತು ಅಂಗಡಿಯಿಂದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಚೀಟಿಯನ್ನು ಸುಟ್ಟೇಬಿಟ್ಟಿದ್ದಳು. ಕಸೀತಾದಲ್ಲಿ ಕೂರುತ್ತಿದ್ದ ನಾವಾದರೂ ನಿಜ ಹೇಳಬಹುದಿತ್ತು. ಡಾನ್ ಎಲಾಡಿಯೊ ಬಾಯಿ ಬಿಡದಿರುವಾಗ ನಾವು ಬಿಡುವುದು ಹೇಗೆ ಎಂದು ಸುಮ್ಮನಿದ್ದೆವು. ಹಾಗೆ ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಮಿಸೆಸ್ ಗ್ಯಾಡ್ಸನ್ ಮಿಗ್ಡಾಲಿಯಾಗೆ ಫೋನ್ ಮಾಡಿ, ನಿನ್ನ ಪರವಾಗಿ ಏನಾದರೂ ಪುರಾವೆ ಇದ್ದರೆ ಕೊಡು ಎಂದರು. ಇಲ್ಲ ಎಂದಳು. ಅದೇ ವಾರ ಎಫ್ರಾಯಿನ್ ಡಬ್ಬಿ ಕೊಡಲು ಹೋದವನು ಒಂದು ಕೈ ಆಟಕ್ಕೆ ಕೂತ. ಬಿದ್ದ ಡಾಮಿನೊ ಬಿಲ್ಲೆ ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಕಾಲಿನ ಕೆಳಗೆ ಹಳದಿ ಕಾಗದದ ಮೂಲೆ ಕಂಡಿತು. ಅವನು ಅದನ್ನು ಮುಟ್ಟಲಿಲ್ಲ. ಮನೆಗೆ ಓಡಿಬಂದು ಹೆಂಡತಿಗೆ ಹೇಳಿದ.

"ಖಾಲಿ ಚೀಟಿ. ಬರೆದಿದ್ದರೆ ಮೇಜಿನ ಕಾಲಿಗೆ ಯಾಕೆ ತುರುಕುತ್ತಿದ್ದರು? ಗಿಲ್ಬರ್ಟೊ, ಅಲ್ಲಿರೋರೆಲ್ಲ ಸಾಕ್ಷಿ. ತಗೊಂಡು ಹೋಗಿ ಸಭೆಯಲ್ಲಿ ತೋರಿಸು, ಹದಿಮೂರು ಜನರ ಬಾಯಿ ಮುಚ್ಚಿಹೋಗುತ್ತೆ."

"ಬೇಡ."

"ಕೆಲಸ ಹೋಗುತ್ತೆ ಮಿಗ್ಡಾ."

"ಹೋಗಲಿ. ಎಂಬತ್ತೊಂದು ವರ್ಷದ ಮನುಷ್ಯ ತನ್ನ ತೋಟ ಉಳಿಸಿಕೊಳ್ಳೋ ಚೀಟಿನ ಆಟದ ಮೇಜಿಗೆ ಆನಿಕೆ ಕೊಟ್ಟ ಅಂತ ಊರೆಲ್ಲ ನಗಲಿ ಅಂತೀಯಾ? ತೋಟವೂ ಹೋಯಿತು, ಇನ್ನು ಮಾನವನ್ನೂ ನಾನೇ ಕಳೀಬೇಕಾ?"

ಎಫ್ರಾಯಿನ್ ಮರುದಿನ ಡಬ್ಬಿ ಹೊತ್ತು ಹೋದಾಗ, ಹೆಂಡತಿಯ ಈ ಮಾತನ್ನು ಹೆಚ್ಚಿಸದೆ ಕಡಿಮೆ ಮಾಡದೆ ಅಪ್ಪನ ಮುಂದೆ ಒಪ್ಪಿಸಿದ. ಡಾನ್ ಎಲಾಡಿಯೊ ಅನ್ನ ತಿನ್ನುತ್ತಲೇ ಕೇಳಿದರು. ಮುಗಿಸಿ, ಡಬ್ಬಿ ತೊಳೆದು ಕೊಟ್ಟರು. ಅದುವರೆಗೆ ಅವರು ಡಬ್ಬಿ ತೊಳೆದು ಕೊಟ್ಟಿರಲಿಲ್ಲ.

ಜೂನ್ ಸಭೆಯ ಸಂಜೆ ಮಿಗ್ಡಾಲಿಯಾ ಎಂದಿನಂತೆ ಬಾಗಿಲ ಮೇಜಿನಲ್ಲಿ ಕೂತು ಚೀಟಿ ತೆಗೆದುಕೊಳ್ಳುತ್ತಿದ್ದಳು. ತನ್ನ ಕೆಲಸದ ಮೇಲೆಯೇ ಮತ ನಡೆಯುವ ಸಭೆಗೆ ತಾನೇ ಕುರ್ಚಿ ಜೋಡಿಸಿದ್ದಳು. ಆರೂ ಇಪ್ಪತ್ತಕ್ಕೆ ಡಾನ್ ಎಲಾಡಿಯೊ ಬಂದರು. ಅದೇ ಬಿಳಿ ಅಂಗಿ. ಸರದಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಒಂದು ಚೀಟಿ ಮುಂದಿಟ್ಟರು. ಎಂಟು ಮಡಿಕೆಯ ಗೆರೆಗಳು, ಒಂದು ಮೂಲೆಯಲ್ಲಿ ಮೇಜಿನ ಕಾಲಿನ ದುಂಡನೆಯ ಕೊಳೆ. ಹೆಸರಿನ ಸಾಲಿನಲ್ಲಿ ಹೆಸರು. ವಿಳಾಸದ ಸಾಲಿನಲ್ಲಿ ಅವಳದೇ ಮನೆ. ವಿಷಯದ ಸಾಲಿನಲ್ಲಿ 'ಹೋದ ತಿಂಗಳು' ಎಂದಷ್ಟೇ ಬರೆದಿತ್ತು.

ಅವರು ತನ್ನ ಪರವಾಗಿ ಬಂದಿದ್ದಾರೋ, ಸೇಡು ತೀರಿಸಿಕೊಳ್ಳಲು ಬಂದಿದ್ದಾರೋ ಅವಳಿಗೆ ತಿಳಿಯಲಿಲ್ಲ. ಕೇಳುವ ಹಾಗಿರಲಿಲ್ಲ. ಚೀಟಿಗೆ ನಂಬರು ಹಾಕಿ ಕಟ್ಟಿಗೆ ಸೇರಿಸಿದಳು. "ಒಂಬತ್ತನೆಯವರು ನೀವು," ಎಂದಳು. ಅವರು ಹ್ಯಾಟು ತೆಗೆದು ಒಳಗೆ ಹೋದರು.

ಒಂಬತ್ತನೇ ಹೆಸರು ಕೂಗಿದಾಗ ಡಾನ್ ಎಲಾಡಿಯೊ ಎದ್ದು ಮೈಕಿನ ಮುಂದೆ ನಿಂತರು. ಮಿಗ್ಡಾಲಿಯಾ ಟೈಮರು ತಿರುಗಿಸಿದಳು.

"ನನ್ನ ಹೆಸರು ಎಲಾಡಿಯೊ," ಎಂದರು ಅವರು. "ಮೂಲೆ ತೋಟದವನು. ಈ ಮ್ಯಾನೇಜರ್ ನನ್ನ ಸೊಸೆ. ಹೋದ ತಿಂಗಳು ನನಗೆ ಮಾತಾಡೋಕೆ ಬಿಡಲಿಲ್ಲ ಅಂತ ಪತ್ರ ಬರೆದಿದ್ದೀರಂತೆ. ಬರೆಯೋ ಮೊದಲು ನನ್ನ ಕೇಳಬೇಕಿತ್ತು. ಚೀಟಿ ಇವಳು ನನಗೆ ವಾರ ಮೊದಲೇ ಕೊಟ್ಟಿದ್ದಳು. ನಾನು ಅದನ್ನ ಡಾಮಿನೊ ಮೇಜಿನ ಕಾಲ ಕೆಳಗೆ ಇಟ್ಟೆ."

ಯಾರೋ ನಕ್ಕರು. ಮಿಸೆಸ್ ಗ್ಯಾಡ್ಸನ್ ಕನ್ನಡಕದ ಮೇಲಿಂದ ನೋಡಿದರು, ನಗು ನಿಂತಿತು.

"ನಗಲಿ ಬಿಡಿ. ನಗೋ ಕೆಲಸವೇ ಮಾಡಿದ್ದೀನಿ. ಸೊಸೆ ಇದ್ದಾಳೆ, ನನಗ್ಯಾಕೆ ಚೀಟಿ ಅಂದುಕೊಂಡೆ. ಅವಳು ನನಗೊಂದು ನಿಯಮ, ನಿಮಗೊಂದು ನಿಯಮ ಮಾಡೋಳಲ್ಲ. ಮೂರು ವರ್ಷದ ಹಿಂದೆ ನನ್ನ ಹುಂಜ ಕೂಗುತ್ತೆ ಅಂತ ದೂರು ಬಂದಾಗ, ಅದನ್ನೂ ಬರೆದು ಇಲಾಖೆಗೆ ಕಳಿಸಿದೋಳು. ಹುಂಜ ಹೋಯಿತು. ಇಂಥೋಳನ್ನ ತೆಗೆದುಹಾಕಿ ಯಾರನ್ನ ತರ್ತೀರಿ? ಚೀಟಿ ಇಲ್ಲದ ಮಾವನಿಗೆ ಮೈಕು ಕೊಡೋಳನ್ನಾ? ನಾಳೆ ನಿಮಗೇ ಅವಳು ಬೇಡವಾಗ್ತಾಳೆ. ಇಷ್ಟನ್ನೂ ನಡಾವಳಿಯಲ್ಲಿ ಬರೆದುಕೊಳ್ಳಿ, ಡಾಮಿನೊ ಮೇಜು ಸಮೇತ."

ಅವರು ಉಸಿರು ತೆಗೆದುಕೊಂಡರು. ಮೈಕಿಗೆ ಇನ್ನಷ್ಟು ಹತ್ತಿರ ಬಂದರು.

"ಇನ್ನು ನನ್ನ ತೋಟದ ವಿಷಯ. ಮೊದಲ ವರ್ಷ ಅಲ್ಲಿ ನಾವು ಇಟ್ಟಿಗೆ ಹೊರುವಾಗ—"

ಟೈಮರು ಬಡಿಯಿತು.

ಹಾಲಿನವರೆಲ್ಲ ಮಿಗ್ಡಾಲಿಯಾಳನ್ನೇ ನೋಡಿದರು. ಮಿಸೆಸ್ ಗ್ಯಾಡ್ಸನ್ ಕೂಡ ಮಿಗ್ಡಾಲಿಯಾಳ ಕಡೆ ತಿರುಗಿದರು, ಮುಂದುವರಿಸಲು ಅವರು ಒಪ್ಪುತ್ತಿದ್ದರು ಎಂದು ಮುಖವೇ ಹೇಳುತ್ತಿತ್ತು. ಮಿಗ್ಡಾಲಿಯಾಳ ಕಣ್ಣು ತುಂಬಿತ್ತು.

"ಸಮಯ ಮುಗಿಯಿತು, ಡಾನ್ ಎಲಾಡಿಯೊ," ಎಂದಳು.

ಅವರು ತಲೆಯಾಡಿಸಿ, ಆ ಮಾತನ್ನು ಅಲ್ಲಿಗೇ ಬಿಟ್ಟು ಹೋಗಿ ಕೂತರು. ಪತ್ರವನ್ನು ಮತಕ್ಕೆ ಹಾಕುವ ಮೊದಲೇ ಹದಿಮೂರರಲ್ಲಿ ಎಂಟು ಜನ ಸಹಿ ವಾಪಸು ಪಡೆದರು, ಮಿಗ್ಡಾಲಿಯಾಳ ಕೆಲಸ ಉಳಿಯಿತು. ತೋಟದ ತೀರ್ಮಾನ ಮಾತ್ರ ಬದಲಾಗಲಿಲ್ಲ. ಬರುವ ವರ್ಷ ಕಟ್ಟಡದವರು ಬರುತ್ತಾರೆ.

ಮರುದಿನ ಮಧ್ಯಾಹ್ನ ಡಬ್ಬಿ ಹೊತ್ತು ಬಂದದ್ದು ಎಫ್ರಾಯಿನ್ ಅಲ್ಲ. ಮಿಗ್ಡಾಲಿಯಾ ಬೇಲಿ ದಾಟಿ ಒಳಗೆ ಬಂದದ್ದನ್ನು ನೋಡಿ ನಾವು ಆಟ ನಿಲ್ಲಿಸಿ ಎದ್ದೆವು. ಗಿಲ್ಬರ್ಟೊಗೆ ಏನೋ ತುರ್ತು ಕೆಲಸ ನೆನಪಾಯಿತು, ನನಗೂ ಆಯಿತು. ಆದರೂ ನಾವು ಹೋದದ್ದು ಮೆಣಸಿನ ಗಿಡದ ಸಾಲಿನವರೆಗೆ ಮಾತ್ರ, ಕಿವಿ ಜಗುಲಿಯಲ್ಲೇ ಇತ್ತು.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮೇಜು ಕುಲುಕಿ ಸಾರು ಚೆಲ್ಲಿತು.

"ಚೀಟಿ ನೀನೇ ಇಟ್ಟುಕೊಂಡೆಯಲ್ಲ," ಎಂದರು ಮಾವ.

"ಅದು ಕಡತಕ್ಕೆ ಸೇರಿತು, ಮಾವ. ವಾಪಸು ಬರಲ್ಲ."

ಅವಳು ಕೈಚೀಲದೊಳಗೆ ತಡಕಾಡಿ ಒಂದು ಹೊಸ ಹಳದಿ ಚೀಟಿ ತೆಗೆದಳು. ಅದನ್ನು ಮಡಿಸಿ, ಮತ್ತೆ ಮಡಿಸಿ, ಮೊಣಕಾಲೂರಿ ಬಗ್ಗಿ ಮೇಜಿನ ಕಾಲಿನ ಕೆಳಗೆ ತಾನೇ ತುರುಕಿದಳು. ಕೈಯಿಟ್ಟು ಅಲ್ಲಾಡಿಸಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಕಚೇರಿಯ ಕಾಗದವನ್ನು ಮನೆಯ ಕೆಲಸಕ್ಕೆ ಬಳಸಿದ್ದು ಅದೊಂದೇ ಸಲ.

"ಇಟ್ಟಿಗೆ ಹೊರುವಾಗ ಅಂದಿರಲ್ಲ," ಎಂದಳು. "ಮುಂದೆ ಹೇಳಿ."

ಡಾನ್ ಎಲಾಡಿಯೊ ಗಿಲ್ಬರ್ಟೊನ ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ಸರಿಸಿದರು.

"ಮೊದಲು ಕೂತ್ಕೊ," ಎಂದರು. "ಅದು ಎರಡು ನಿಮಿಷದ ಮಾತಲ್ಲ."